ಮಗ್ಗುಲ ರೂಮು

ಫ್ಯಾನು ಕಟಕಟ ಅನ್ನುತ್ತದೆ, ಗಾಳಿಯಿಲ್ಲ, ಬರೀ ಸದ್ದು, ವೀರಭದ್ರಮ್ಮನ ಕತ್ತಿನಿಂದ ಬೆವರು ರವಿಕೆಯೊಳಗೆ ಇಳಿಯುತ್ತದೆ, ಥೂ ಈ ಬಳ್ಳಾರಿ ಬಿಸಿಲು, ಸಂಜೆ ಆರಾದರೂ ಗೋಡೆಗೆ ಬೆನ್ನು ಕೊಡುವ ಹಾಗಿಲ್ಲ, ಈ ಪಕ್ಕದ ಮನೆಯ ತಿಪ್ಪೇರುದ್ರಪ್ಪ ಯಾಕಿಷ್ಟು ಬೇಗ ಮಾತು ಮುಗಿಸಿದನೋ, ಮುಂದಿನ ಪಾಳಿ ತನ್ನದು. ಕಂಟೋನ್ಮೆಂಟಿನ ಈ ಓಣಿಯ ಐದಾರು ಮನೆಯವರು ಭಾನುವಾರ ಸೇರುವುದು, ಜಾತಿಯಿಂದ ತನಗೆ ಪುಕ್ಕಟೆ ಸಿಕ್ಕಿದ್ದೊಂದನ್ನು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳುವುದು, ಇದೆಲ್ಲ ಹೆಡ್‌ಮಾಸ್ತರಿಕೆ ಮುಗಿಸಿ ಮನೆಯಲ್ಲಿ ಕೂತ ದೊಡ್ಡಬಸಪ್ಪನವರ ಕಿತಾಪತಿ — ಯಾರನ್ನೂ ಬೈಯಾಕಲ್ರೀ, ನಿಮಗ ಸಿಕ್ಕಿದ್ದು ಹೇಳ್ರಿ, ಅಷ್ಟ — ಅಷ್ಟ ಅಂತೆ ಅಷ್ಟ! ಹೇಳುವವರ ಪಾಡು ಹೇಳುವವರಿಗೆ. ಈ ವಾರ ಸೇರಿದ್ದೂ ತನ್ನ ಮನೆಯಲ್ಲೇ, ಜಮಖಾನೆಯ ಆ ತುದಿಗೆ ಗಾದೆಮ್ಮ, ಆಸ್ಪತ್ರೆ ನರ್ಸು, ಎದುರು ಮನೆಯಾಕೆ, ಡ್ಯೂಟಿಯಿಂದ ನೇರ ಬಿಳಿ ಸೀರೆಯಲ್ಲೇ ಬಂದಿದ್ದಾಳೆ, ಆಕೆಯ ಕಣ್ಣು ಎಲ್ಲಿದೆ, ತನ್ನ ಮೇಲೋ, ಇಲ್ಲ, ಮಿರ್ಚಿ ತಟ್ಟೆಯ ಮೇಲಿದೆ, ಬದುಕಿದೆ.

ತಾನು ಕುರುಗೋಡಿನಿಂದ ಬಂದ ದಿನದ್ದು ಹೇಳಿಬಿಡೋಣ, ಹದಿನಾರು ವರ್ಷದ ಹಿಂದೆ, ಟೀಚರ್ ಆರ್ಡರು ಕೈಯಲ್ಲಿ, ಬ್ರೂಸ್‌ಪೇಟೆಯ ಮನೆಯೊಡೆಯ ಹಣೆಯ ವಿಭೂತಿ ನೋಡಿದ್ದೇ, ಬರ್ರಿ ತಾಯಿ, ನಮ್ಮವರ ಅದೀರಿ, ಅಂತ ಕೀಲಿಕೈ ಕೊಟ್ಟ, ಹೆಸರು ಕೇಳಿದ್ದು ಆಮೇಲೆ — ಇದು ಚೆಂದ, ಇದಕ್ಕೆ ಎಲ್ಲರೂ ತಲೆದೂಗುತ್ತಾರೆ, ಹೇಳುತ್ತಲೇ ಇದ್ದಾಳೆ, ಬಾಯಿ ಒಂದು ಕಡೆ ಓಡುತ್ತದೆ, ಮನಸ್ಸು ಇನ್ನೊಂದು ಕಡೆ. ಹೋದ ವರ್ಷ ಶ್ರಾವಣ, ಸಿರುಗುಪ್ಪದಿಂದ ವರ್ಗವಾಗಿ ಬಂದ ಗಾದೆಮ್ಮ ಇದೇ ಬಾಗಿಲಲ್ಲಿ, ಮಗ್ಗಲ ರೂಮು ಬಾಡಿಗಿಗೆ ಐತಂತಲ್ರೀ ಅಕ್ಕಾರ, ತಾನು ಕೂಡಿಸಿ, ನೀರು ಕೊಟ್ಟು, ನಗುನಗುತ್ತಲೇ, ನಿಮ್ಮ ಮಠ ಯಾವುದ್ರೀ? ನೇರ ಜಾತಿ ಕೇಳಿದರೆ ಒರಟಾದೀತೆಂದು ಮಠ ಕೇಳುವ ಜನ ತಾವು, ಆಕೆ ಲೋಟ ಕೆಳಗಿಟ್ಟು, ನಮಗ್ಯಾವ ಮಠಾರೀ, ನಾವು ಹರಿಜನರು ಅದೀವ್ರೀ, ಅಂದಳು. ಅಯ್ಯ, ನಮ್ಮ ನಾದಿನಿ ಬರೋಳದಾಳವ್ವ ಆ ರೂಮಿಗೆ — ಎಲ್ಲಿಂದ ಬಂತೋ ಆ ಮಾತು! ಇದ್ದೊಬ್ಬ ನಾದಿನಿ ಸತ್ತು ನಾಲ್ಕು ವರ್ಷ, ತಾನೇ ಅತ್ತು ಕಳಿಸಿದ್ದು. ಮೂರು ತಿಂಗಳು ಓಣಿ ಓಣಿ ಅಲೆದ ಗಾದೆಮ್ಮನಿಗೆ ಕೊನೆಗೆ ಎದುರಿನ ಕ್ರಿಶ್ಚಿಯನ್ನರ ಮನೆಯೇ ಸಿಗಬೇಕೆ, ದೇವರೇ, ಅವತ್ತೇ ತಾನು ಟ್ರಂಕು ತೆಗೆದು ಸತ್ತವಳ ಹಸಿರು ಸೀರೆಯನ್ನು ಮಗ್ಗುಲ ರೂಮಿನ ಮುಂದಿನ ಹಗ್ಗಕ್ಕೆ ಹಾಕಿದಳು, ಬೆಳಿಗ್ಗೆ ಹಾಕುವುದು, ಸಂಜೆ ತೆಗೆಯುವುದು, ಒಂದು ಸುಳ್ಳು ಮುಚ್ಚಲು ನೂರು ಸುಳ್ಳು, ಇವತ್ತು ಹೇಳಲಿಕ್ಕೆ ಬೇಕಾದ್ದು ಅದು, ಕೀಲಿಕೈ ಸಿಕ್ಕಿದ್ದಲ್ಲ, ಸಿಕ್ಕಿದವಳು ಕೊಡದೆ ಹೋದದ್ದು, ಹೇಳೇ, ಹೇಳಿಬಿಡೇ.

ಅಷ್ಟರಲ್ಲಿ ದೊಡ್ಡಬಸಪ್ಪನವರು, ಭೇಷ್ ತಾಯಿ, ಭಾಳ ದೊಡ್ಡ ಮನಸ್ಸು, ಅಂದೇಬಿಟ್ಟರು. ಹೊಗಳಿಕೆ ಕೆಂಡದ ಹಾಗೆ ಬಿತ್ತು. ಇನ್ನೊಂದು ಮಾತ್ರೀ, ಅಂತ ಅವರೇ, ಗಾದೆಮ್ಮನ ಆಸ್ಪತ್ರಿಗೆ ಉಚ್ಚೆಂಗೆಮ್ಮ ಅಂತ ಹೊಸ ನರ್ಸು ಬಂದಾಳ, ಅವರ ಪೈಕಿನ, ಮನಿ ಸಿಗವಲ್ದು, ನಿಮ್ಮ ಮಗ್ಗಲ ರೂಮು ಖಾಲಿನ ಐತಲ್ಲ ವೀರಭದ್ರಮ್ಮಾರ? ತಾನು ಬಾಯಿ ತೆರೆಯುವ ಮೊದಲೇ ಗಾದೆಮ್ಮ, ಇಲ್ರೀ ಸರ, ಅಲ್ಲಿ ಅಕ್ಕಾರ ನಾದಿನಿ ಅದಾರ, ಒಮ್ಮಿನೂ ಹೊರಗ ಕಂಡಿಲ್ಲ, ಮೈಯಾಗ ಆರಾಮಿಲ್ಲೇನೋ ಪಾಪ, ನಾ ಬಂದು ನೋಡ್ಲೇನ್ರೀ ಅಕ್ಕಾರ? ದನಿಯಲ್ಲಿ ಕೊಂಕಿಲ್ಲ, ವೀರಭದ್ರಮ್ಮ ಹುಡುಕುತ್ತಾಳೆ, ಇಲ್ಲವೇ ಇಲ್ಲ. ತಿಪ್ಪೇರುದ್ರಪ್ಪ ಅಗಿಯುವುದನ್ನು ನಿಲ್ಲಿಸಿದ, ದೊಡ್ಡಬಸಪ್ಪನವರು ಕನ್ನಡಕ ತೆಗೆದರು, ಆ ನಾದಿನಿಯ ಮಣ್ಣಿಗೆ ಬಂದವರು ಇವರೆಲ್ಲ, ಈಗಲಾದರೂ ಹೇಳು, ಗಾದೆಮ್ಮ ಕಿಟಕಿಯ ಕಡೆ ನೋಡುತ್ತಿದ್ದಾಳೆ, ಎಲ್ಲರೂ ನೋಡುತ್ತಿದ್ದಾರೆ, ಇವತ್ತು ತೆಗೆಯುವುದು ಮರೆತಿದೆ, ಹಗ್ಗದ ಮೇಲೆ ಸೀರೆ, ಒಂದು ಮಗ್ಗುಲು ಬಿಸಿಲಿಗೆ ಬಿಳಚಿದ ಸೀರೆ, ಯಾರೂ ಉಡದ ಹಸಿರು ಸೀರೆ, ಹಸಿರು ಸೀರೆ —