ಕಣ್ಣಿನ ಕೊಡ

"ನೀರೇನು ನಿಮ್ಮಪ್ಪ ತಂದಿಟ್ಟಿದ್ದೇನ್ರೇ, ಮುಂಡೇರಾ? ಬೆಳಗ್ಗೆಯಿಂದ ಸುರೀತಾನೇ ಇದೀರಾ!"

ಯಜಮಾನರು ಜಗಲಿಯಿಂದ ಕೂಗಿದವರೇ ಒಳಗೆ ಹೋಗಿ ವಾಲ್ವ್ ಮುಚ್ಚಿದರು. ಕಾರು ತೊಳೆಯಲು ನೀರು ಉಳಿಯಬೇಕಂತೆ. ಅಂಗಳದ ನಲ್ಲಿ ಗೊರಗೊರ ಎಂದು ನಿಂತೇಹೋಯಿತು. ನಾನು, ನನ್ನ ತಂಗಿ ಅವರ ಹಳೇ ಮನೆಯ ಗೋಡೆಗೆ ಗಾರೆ ಕಲಸಲು ತೋಡಿದ ಸುಣ್ಣದ ಗುಂಡಿಯ ಎರಡು ಬದಿಗೆ ನಿಂತಿದ್ದೆವು. ಸುಟ್ಟ ಸುಣ್ಣದ ಕಲ್ಲು ಆಗಷ್ಟೇ ನೀರು ಕುಡಿದು ಅರಳತೊಡಗಿತ್ತು.

"ಯಜಮಾನ್ರೇ, ಅರ್ಧಕ್ಕೆ ನಿಲ್ಸೋ ಹಾಗಿಲ್ಲ. ನೀರು ಸಾಲ್ದಿದ್ರೆ ಸಿಡಿಯುತ್ತೆ," ಅಂದೆ.

"ನಂಗೇ ಪಾಠ ಹೇಳ್ತೀಯಾ? ಈ ಗೋಡೆ ನಿಮ್ಮ ತಾತನಿಗಿಂತ ಹಳೇದು ಕಣೇ!"

ಆ ಗೋಡೆಗೆ ಮೊದಲ ಗಾರೆ ಮೆತ್ತಿದವನು ಯಾರ ತಾತ ಅಂತ ಮಾತ್ರ ಹೇಳಲಿಲ್ಲ.

ಸುಣ್ಣ ಅರಳಿಸುವ ಕಡೆ ನಮ್ಮವರು ಒಂದು ಕೊಡ ತಿಳಿನೀರು ತುಂಬಿಟ್ಟಿರುತ್ತಾರೆ. ಅದಕ್ಕೆ ಕಣ್ಣಿನ ಕೊಡ ಅಂತಲೇ ಹೆಸರು. ಎಷ್ಟೇ ಬಾಯಾರಿದರೂ ಅದನ್ನು ಕುಡಿಯುವುದಿಲ್ಲ, ಅದರಲ್ಲಿ ಕೈ ಅದ್ದುವುದಿಲ್ಲ. ಯಾರ ಕಣ್ಣಿಗಾದರೂ ಸುಣ್ಣ ಬಿದ್ದರೆ ಆ ಗಳಿಗೆಯಲ್ಲೇ ಸುರಿಯಬೇಕು. ತಡವಾದರೆ ಕಣ್ಣು ಬೆಂದುಹೋಗುತ್ತದೆ. ಅವ್ವ ನನಗೆ ಮೊದಲು ಕಲಿಸಿದ ಕೆಲಸವೇ ಆ ಕೊಡ ತುಂಬುವುದು.

ಗುಂಡಿ ಬುಸುಗುಟ್ಟಿತು. ಗೋಡೆ ಕೆರೆಯುತ್ತಿದ್ದ ಮೇಸ್ತ್ರಿ ಏಣಿಯ ಮೇಲಿಂದಲೇ ಅರಚಿದ:

"ಏನ್ ನೋಡ್ತಾ ನಿಂತೀರೇ? ಸುಣ್ಣ ಸೀದ್ಹೋಯ್ತು ಅಂದ್ರೆ ನಾಳೆಯಿಂದ ನಿಮ್ಮಿಬ್ರನ್ನೂ ಕರೆಯಲ್ಲ!"

ಹೆದರಿದೆ. ಹೆದರಿ, ಕಣ್ಣಿನ ಕೊಡವನ್ನೇ ಎತ್ತಿ ಗುಂಡಿಗೆ ಸುರಿದುಬಿಟ್ಟೆ. ನನ್ನ ಕೈ ಸೇದಿಹೋಗ.

ಅಷ್ಟು ನೀರು ಯಾವ ಮೂಲೆಗೂ ಸಾಲಲಿಲ್ಲ. ಕಲ್ಲೊಂದು ಪಟಾರನೆ ಸಿಡಿಯಿತು.

"ಅಕ್ಕಾ! ಕಣ್ಣು! ಕಣ್ಣು ಕಣೇ ಅಕ್ಕಾ!"

ತಂಗಿ ಮುಖ ಮುಚ್ಚಿಕೊಂಡು ಕುಸಿದಳು. ಕೊಡ ಬೋರಲು ಮಾಡಿದೆ. ಒಂದು ಬೊಗಸೆಯೂ ಇಳಿಯಲಿಲ್ಲ.

"ಯಜಮಾನ್ರೇ, ನೀರು ಬಿಡಿ! ಇವಳ ಕಣ್ಣಿಗೆ ಸುಣ್ಣ ಬಿದ್ದಿದೆ!"

"ಬೀದಿ ನಲ್ಲಿಗೆ ಕರ್ಕೊಂಡು ಹೋಗು. ಇಲ್ಲಿ ನಾಟಕ ಬೇಡ."

ಬೀದಿ ನಲ್ಲಿ ಇದ್ದದ್ದು ಎರಡು ತಿರುವು ದಾಟಿದ ಮೇಲೆ. ತಂಗಿಯ ರಟ್ಟೆ ಹಿಡಿದು ಎಬ್ಬಿಸಿ ಜಗಲಿಯ ಮೆಟ್ಟಿಲು ಹತ್ತಿದೆ. ಯಜಮಾನರು ಬಾಗಿಲಿಗೆ ಅಡ್ಡ ನಿಂತರು.

"ಹೊಸಿಲು ತುಳಿದ್ರೆ ಕಾಲು ಮುರೀತೀನಿ, ಹಲ್ಕಾ ಮುಂಡೇರಾ! ಈ ಕೈಕಾಲಲ್ಲಿ ಮನೆಯೊಳಗೆ ಬರ್ತೀರಾ?"

ಹೋದ ವಾರ ಅವರ ಬಚ್ಚಲಿನ ಗೋಡೆಗೆ ಗಾರೆ ಮೆತ್ತಿದ್ದು ಇದೇ ಕೈ. ಆಗ ಯಾರೂ ಹೊಸಿಲಲ್ಲಿ ತಡೆದಿರಲಿಲ್ಲ.

"ಸರೀರಿ," ಅಂದೆ. ಸರಿಯಲಿಲ್ಲ. ಸುಣ್ಣ ಮೆತ್ತಿದ ಎರಡೂ ಅಂಗೈಗಳನ್ನು ಅವರ ಮೂಗಿನ ಹತ್ತಿರ ಹಿಡಿದೆ.

"ಸರೀತೀರೋ, ನಿಮ್ಮ ಕಣ್ಣಿಗೂ ಬಳೀಲೋ?"

ಸರಿದರು. ಅಷ್ಟು ದೊಡ್ಡ ಮನುಷ್ಯ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟದ್ದನ್ನು ಕಂಡು ನಗಬೇಕಿತ್ತು, ನಗು ಬರಲಿಲ್ಲ. ಬಚ್ಚಲಿಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿದೆ. ಡ್ರಮ್ಮು ತುಂಬಿತ್ತು. ಮೊದಲು ಕೈ ತೊಳೆದೆ. ಆಮೇಲೆ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟು, ರೆಪ್ಪೆ ಬಿಡಿಸಿ, ಚೊಂಬಿನ ಮೇಲೆ ಚೊಂಬು ಸುರಿದೆ.

"ಏನೂ ಕಾಣ್ತಿಲ್ಲ ಅಕ್ಕಾ."

"ಕಾಣುತ್ತೆ. ಸುಮ್ನಿರು."

ಕಾಣುತ್ತದೋ ಇಲ್ಲವೋ ನನಗೇನು ಗೊತ್ತು?

ಬಾಗಿಲಿಗೆ ಗುದ್ದು ಬೀಳತೊಡಗಿತು. "ಪೊಲೀಸರನ್ನ ಕರೆಸ್ತೀನಿ!" ಯಜಮಾನರ ದನಿ. "ಲೇ, ತೆಗೆಯೇ, ನನ್ನ ಹೊಟ್ಟೆ ಮೇಲೆ ಹೊಡೀಬೇಡ್ವೇ!" ಅದು ಮೇಸ್ತ್ರಿಯದು. ಚಿಲಕದ ಮೊಳೆಯೊಂದು ಅರ್ಧ ಹೊರಬಂತು.

"ಬಾಗ್ಲು ಮುರೀತಾರೇನಕ್ಕಾ?"

"ಮುರೀಲಿ. ನೀನು ಕಣ್ಣು ಬಿಡು."

ಡ್ರಮ್ಮಿನಲ್ಲಿ ಇನ್ನೂ ಅರ್ಧ ನೀರಿತ್ತು. ಚೊಂಬು ಮುಳುಗಿಸಿದೆ.