ಗಾಳಿಕಂಡಿಯ ನೀಲಿ ಟೇಪು

ಅಕ್ಕ ತಂಗಿಗೆ ಮಾತು ಕೊಟ್ಟು ಹನ್ನೆರಡು ವರ್ಷವಾಗಿತ್ತು. ಗೋಡೆಗೆಲ್ಲ ಬೂಷ್ಟು ಹಿಡಿದ ಬಾಡಿಗೆ ಕೋಣೆಯಲ್ಲಿ, ಉಬ್ಬಸಕ್ಕೆ ಮಲಗಲಾರದೆ ದಿಂಬು ತಬ್ಬಿಕೊಂಡು ಕೂತಿದ್ದ ತಂಗಿಗೆ ಅವಳು ಹೇಳಿದ್ದಳು: "ನೆಮ್ಮದಿಯಾಗಿ ಉಸಿರಾಡೋ ಮನೆ ನಿಂಗೂ ಆಗುತ್ತೆ ಕಣೆ. ಆವತ್ತು ಅದರ ಬಾಗಿಲ ಪಕ್ಕ ಹಸಿರು ಫಲಕಾನ ನನ್ನ ಕೈಯಾರೆ ನಾನೇ ಹೊಡೀತೀನಿ." ಪರಿಸರಸ್ನೇಹಿ ಮನೆಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕಚೇರಿಯಲ್ಲಿ ಆಗಷ್ಟೇ ಅವಳಿಗೆ ಕೆಲಸ ಸಿಕ್ಕಿತ್ತು.

ಈಗ ಫಲಕ ಅವಳ ಚೀಲದಲ್ಲಿತ್ತು. ತಂಗಿಯ ಮನೆಯೆಂದು ಕಚೇರಿಗೆ ಮೊದಲೇ ಹೇಳಿದ್ದರಿಂದ ಕಾಗದಪತ್ರವನ್ನೆಲ್ಲ ಬೇರೆಯವರು ನೋಡಿದ್ದರು. ಗಾಳಿಯ ಪರೀಕ್ಷೆಯಷ್ಟೇ ಇವಳ ಪಾಲಿಗೆ ಬಂದಿತ್ತು. ಮನೆ ಕಟ್ಟಿದ ಮೇಸ್ತ್ರಿ ಡ್ರಿಲ್ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದ.

ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ತಂಗಿ ಬಾಗಿಲು ತೆಗೆದಳು.

"ಬಾ ಅಕ್ಕ. ನಿನ್ನ ಹಸಿರು ಮನೇಲಿ ನನ್ನ ಮುಖ ಬಿಳಿಚ್ಕೊಂಡ್ಬಿಟ್ಟಿದೆ."

"ಹೊಸ ಮನೆ ಅಲ್ವೇನಮ್ಮ, ಬಣ್ಣದ ವಾಸನೆ ಇರ್ಬೇಕು," ಎಂದು ಮೇಸ್ತ್ರಿ ನಕ್ಕ.

"ಎಷ್ಟು ದಿನದಿಂದ ಹೀಗೆ?" ಅಕ್ಕ ಕೇಳಿದಳು.

"ಬಂದಾಗಿಂದ. ಮೂರು ವಾರ ಆಯ್ತು. ಬೆಳಿಗ್ಗೆ ಎದ್ರೆ ತಲೆ ಮೇಲೆ ಗುಂಡುಕಲ್ಲು ಇಟ್ಟ ಹಾಗಿರುತ್ತೆ. ನಮ್ಮನೆಯವರಿಗೂ ಅಷ್ಟೇ. ಉಬ್ಬಸದ ಪಂಪು ಮತ್ತೆ ದಿಂಬಿನ ಪಕ್ಕಕ್ಕೆ ಬಂದಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನೇ ಪಾಸು ಮಾಡಿದ ಮನೆ. ಯಾವ ಬಾಯಲ್ಲಿ ಹೇಳ್ಲಿ?"

"ಕಿಟಕಿ ಆದ್ರೂ ತೆಗೀಬಾರದಿತ್ತಾ?"

"ಚೆನ್ನಾಗಿದೆ! ಯಂತ್ರ ಸೋಸಿದ ಗಾಳಿ ಕೊಡುತ್ತೆ, ಕಿಟಕಿ ತೆಗೆದು ಧೂಳು ತುಂಬ್ಕೋಬೇಡ ಅಂದಿದ್ದು ಯಾರು?"

ಅಕ್ಕ ಮಲಗುವ ಕೋಣೆಗೆ ಹೋಗಿ ಮೀಟರು ಹಿಡಿದಳು; ತಂಗಿಯೂ ಮೇಸ್ತ್ರಿಯೂ ಹಿಂದೆಯೇ ಬಂದರು. ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಉಳಿದಿದೆಯೆಂದು ತೋರಿಸುವ ಅಂಕಿ ಸಾವಿರದೊಳಗಿರಬೇಕು. ಅದು ಮೂರು ಸಾವಿರ ದಾಟಿತ್ತು. ಮೀಟರು ಕೆಟ್ಟಿರಬೇಕೆಂದು ಕೊಡವಿ ನೋಡಿದಳು. ಅಂಕಿ ಇನ್ನೂ ಏರಿತು.

ಸ್ಟೂಲು ಹತ್ತಿ, ಯಂತ್ರದ ಗಾಳಿ ಒಳಬರುವ ಗಾಳಿಕಂಡಿಗೆ ಅಂಗೈ ಒಡ್ಡಿದಳು. ಒಳಗೆಲ್ಲೋ ಯಂತ್ರ ಗುಂಯ್ ಎನ್ನುತ್ತಿತ್ತು. ಅಂಗೈಗೆ ಮಾತ್ರ ಏನೂ ತಾಗಲಿಲ್ಲ. ಜಾಲರಿ ಬಿಚ್ಚಿದಳು.

ಕಂಡಿಯ ಬಾಯಿಗೆ ನಾಲ್ಕೂ ಅಂಚು ಒತ್ತಿ ಅಂಟಿಸಿದ ನೀಲಿ ಟೇಪು. ಮೂಲೆಯಲ್ಲಿ ಕಪ್ಪು ಶಾಯಿಯಲ್ಲಿ ತಾರೀಖು, ಕಂಡಿಯ ಸಂಖ್ಯೆ, ಅದರ ಕೆಳಗೆ ಅವಳದೇ ಸಹಿ.

ಮನೆಯ ಗೋಡೆ, ಸಂದುಗಳಲ್ಲಿ ಗಾಳಿ ಸೋರುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಕಂಡಿಗಳನ್ನೆಲ್ಲ ಹೀಗೆ ಮುಚ್ಚಬೇಕು. ಮುಗಿದ ತಕ್ಷಣ ಕೀಳಬೇಕು.

"ಮೇಸ್ತ್ರಿ, ಇದನ್ನ ನೀವು ತೆಗೆದಿಲ್ವಾ?"

"ನಾನ್ಯಾಕೆ ತೆಗೀಲಿ ಮೇಡಂ? ನಿಮ್ಮ ಸಹಿ ಇರೋದು. ಕೈ ಹಚ್ಚಿದ್ರೆ ಸೀಲು ಒಡೆದ ಅಂತ ನನ್ನ ತಲೆಗೇ ಬರುತ್ತೆ. ಯಾರೂ ಮುಟ್ಟಬೇಡ್ರಪ್ಪಾ ಅಂತ ಕೆಲಸದವರಿಗೂ ಹೇಳಿ, ಅದರ ಮೇಲೇ ಜಾಲರಿ ಕೂರಿಸಿದ್ವಿ."

ಪರೀಕ್ಷೆಯ ದಿನಗಳಲ್ಲಿ ಅವಳು ಈ ಬೀದಿಯಲ್ಲಿ ದಿನಕ್ಕೆ ಮೂರು ಮನೆ ಮುಗಿಸಬೇಕಿತ್ತು. ಮಗನ ಶಾಲೆ ಬಿಡುವ ಹೊತ್ತಿಗೆ ಓಡಬೇಕಿತ್ತು. ಟೇಪು ಕೀಳುವುದನ್ನು ಮೇಸ್ತ್ರಿಯ ಕಡೆಯವರು ನೋಡಿಕೊಳ್ಳುತ್ತಾರೆಂದು ತನಗೆ ತಾನೇ ಅಂದುಕೊಂಡಿದ್ದಳು. ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಕಾರಿನಲ್ಲಿ ಕೂತು, 'ಟೇಪು ತೆಗೆಯಲಾಗಿದೆ' ಎಂಬ ಸಾಲಿಗೆ ಗುರುತು ಹಾಕಿದ್ದಳು.

"ಹಾಗಾದ್ರೆ..." ಮೇಸ್ತ್ರಿಯ ನಗು ಅಡಗಿತು. "ಉಳಿದ ಹನ್ನೊಂದು ಮನೆ? ಎಲ್ಲಾ ಕಡೆ ಜನ ಬಂದಾಯ್ತಲ್ಲ ಮೇಡಂ. ಕೊನೇ ಮನೇಲಿ ಬಾಣಂತಿ ಇದಾರೆ."

ಅವಳು ಸ್ಟೂಲಿನಿಂದ ಕೆಳಗೆ ಹಾರಿದಳು.

"ಓಡಿ, ಮೊದಲು ಆ ಮನೆ ಕಿಟಕಿ ತೆಗೆಸಿ. ಆಮೇಲೆ ಉಳಿದವು. ಹೋಗಿ!"

ಮೇಸ್ತ್ರಿ ಹೊರಟವನು ಬಾಗಿಲಲ್ಲಿ ತಿರುಗಿದ. "ಟೇಪನ್ನೂ ಕಿತ್ತು ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ. ನೀವು ಆರಾಮಾಗಿ ಫಲಕ ಹೊಡೀರಿ."

ತಂಗಿ ಕಿಟಕಿಗಳನ್ನು ದಡದಡನೆ ತೆರೆದು ಬಂದು ಅಕ್ಕನ ಕೈ ಹಿಡಿದಳು. "ಅವರು ಹೇಳೋದೇ ಸರಿ ಅಕ್ಕ. ನಿನ್ನ ಕೆಲಸ ಹೋದ್ರೆ ಮಗೂನ ಹೇಗೆ ನೋಡ್ಕೋತೀಯ? ನಾನಂತೂ ಯಾರ ಹತ್ರಾನೂ ಉಸಿರೆತ್ತಲ್ಲ."

"ಮೂರು ವಾರ ನಿಂಗೆ ಉಸಿರಾಡೋಕೇ ಬಿಟ್ಟಿಲ್ಲ ಕಣೆ ನಾನು. ಇನ್ನು ಬಾಯೂ ಮುಚ್ಚಿಸ್ಲಾ?"

ಅವಳು ಕಚೇರಿಗೆ ಫೋನು ಮಾಡಿದಳು. "ಈ ಬೀದಿಯ ಹನ್ನೆರಡು ಪ್ರಮಾಣಪತ್ರಗಳನ್ನೂ ತಡೆಹಿಡೀರಿ. ನಾನು ನೋಡದೇ ಗುರುತು ಹಾಕಿದೀನಿ. ಹೌದು ಸಾರ್, ನಾನೇ." ಕೆಲಸದ ಗುರುತಿನ ಚೀಟಿ ಒಪ್ಪಿಸಿ ಹೋಗಲು ಆ ಕಡೆಯಿಂದ ಹೇಳಿದರು.

ಕೊನೆಯ ಮನೆಯ ಬಾಣಂತಿಗೂ ಕೂಸಿಗೂ ಏನೂ ಆಗಿರಲಿಲ್ಲ. ಹನ್ನೆರಡರಲ್ಲಿ ಒಂಬತ್ತು ಮನೆಗಳಲ್ಲಿ ಟೇಪು ಸಿಕ್ಕಿತು; ಉಳಿದ ಮೂರರಲ್ಲಿ ಮನೆಯವರೇ ಕಂಡು ಕಿತ್ತಿದ್ದರು.

ಮರುಪರೀಕ್ಷೆಯಾಗಿ ಎರಡು ತಿಂಗಳ ಮೇಲೆ, ಅಕ್ಕ ಹೆಸರೂ ಕೇಳಿರದ ಪರೀಕ್ಷಕನೊಬ್ಬ ತಂಗಿಯ ಬಾಗಿಲ ಪಕ್ಕ ಫಲಕ ಹೊಡೆದು ಹೋದ. ತನ್ನ ಕೈಯಾರೆ ಹೊಡೆಯುತ್ತೇನೆಂದು ಅಕ್ಕ ಕೊಟ್ಟ ಮಾತು ನಡೆಯಲಿಲ್ಲ.