ಹರವಿಟ್ಟ ಫಿಲ್ಮು, ಹೆರಿಗೆ ಕೋಣೆಯ ದೀಪ

ಕರೆಂಟು ಹೋಯಿತೆಂದರೆ ಊರಿನ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನರ್ಸಮ್ಮ ಟಾರ್ಚು ಹುಡುಕಬೇಕು. ಕತ್ತರಿಯಕ್ಕನಿಗೆ ಅದೇ ದಿಗಿಲು. ಅವಳ ಮಗಳಿಗೆ ದಿನ ತುಂಬಿತ್ತು. ಪುಣ್ಯಕ್ಕೆ, ಆ ಕೋಣೆಗೆ ಸೋಲಾರ್ ಪ್ಯಾನೆಲ್ ಮಾಡಿಕೊಡುವ ಕೆಲಸ ಅವಳ ಮಹಿಳಾ ಸಂಘದ ಶೆಡ್ಡಿಗೇ ಬಂತು.

ಕತ್ತರಿಯಕ್ಕ ಮೊದಲು ಟೈಲರು. ನಾಳೆ ಹೊಲಿಯೋ ಬಟ್ಟೆ ಇವತ್ತೇ ಕತ್ತರಿಸಿಡೋದು ಅವಳ ಹಳೇ ರೂಢಿ. ಹಾಗೇ ಇಲ್ಲೂ ಸಂಜೆಯೇ, ಪ್ಯಾನೆಲ್ಲಿನ ಗಾಜಿನಡಿ ಹಾಕುವ ಪ್ಲಾಸ್ಟಿಕ್ ಫಿಲ್ಮಿನ ಸುರುಳಿ ಬಿಚ್ಚಿ, ಹಾಳೆಗಳನ್ನು ಕತ್ತರಿಸಿ ಮೇಜಿನ ಮೇಲೆ ಹರವಿ, ಹಾಯಾಗಿ ಮನೆಗೆ ಹೋದಳು. ಬೆಳಗಿನವರೆಗೂ ಜಿಟಿಜಿಟಿ ಮಳೆ.

ಬೆಳಿಗ್ಗೆ, ಬಿಸಿ ಮಾಡಿ ಒತ್ತಿ ಅಂಟಿಸುವ ಲ್ಯಾಮಿನೇಷನ್ ಮಷೀನು ನಡೆಸುವ ನಾದಿನಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಅತ್ತಿಗೆ! ಇದನ್ನ ಯಾಕೆ ಹೀಗೆ ಬಿಚ್ಚಿಟ್ರಿ?"

"ಕೆಲಸ ಬೇಗ ಆಗ್ಲಿ ಅಂತ. ಪ್ಲಾಸ್ಟಿಕ್ಕು ತಾನೇ, ಹಳಸುತ್ತಾ?"

"ಹಳಸಲ್ಲ, ಮಳೆಗಾಳಿಯ ತೇವ ಹೀರುತ್ತೆ."

"ಮುಟ್ಟಿ ನೋಡು, ಒಣಗೇ ಇದೆ! ಕಡ್ಡೀನ ಗುಡ್ಡ ಮಾಡ್ಬೇಡ."

ನಾದಿನಿ ವಾದಕ್ಕೆ ನಿಲ್ಲಲಿಲ್ಲ. ಒಂದು ಗಾಜಿನ ತುಂಡಿಗೆ ಹರವಿಟ್ಟ ಹಾಳೆ, ಇನ್ನೊಂದಕ್ಕೆ ಹೊಸ ಸುರುಳಿಯ ಕವರು ಆಗಷ್ಟೇ ಒಡೆದು ತೆಗೆದ ಹಾಳೆ ಹಾಕಿ, ಎರಡನ್ನೂ ಮಷೀನಿಗೆ ಕೊಟ್ಟಳು. ಮುಚ್ಚಳ ತೆಗೆದರೆ, ಹೊಸ ಹಾಳೆ ಹಾಕಿದ್ದು ತಿಳಿನೀರಿನ ಹಾಗೆ. ಹರವಿಟ್ಟಿದ್ದರ ತುಂಬಾ ಗುಳ್ಳೆ! ಕತ್ತರಿಯಕ್ಕನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ನೋಡಿ ಅತ್ತಿಗೆ, ಈ ಫಿಲ್ಮು ಬಿಸಿಗೆ ಕರಗಿ ಗಾಜನ್ನೂ ಕರೆಂಟು ಮಾಡೋ ಸೆಲ್ಲನ್ನೂ ಗಟ್ಟಿಯಾಗಿ ಹಿಡ್ಕೋಬೇಕು, ಒಳಗೆ ನೀರು ಬಿಡಬಾರದು. ತೇವ ಇದ್ರೆ ಗುಳ್ಳೆ ಬೀಳುತ್ತೆ, ಅಂಟು ಬಿಡುತ್ತೆ. ಇವತ್ತು ದೀಪ ಉರಿಯುತ್ತೆ, ನಾಳೆ ಕೈಕೊಡುತ್ತೆ. ಅದೂ ಯಾರ ಹೆರಿಗೆ ಹೊತ್ತಲ್ಲೋ!"

ಮಗಳ ಮುಖ ಕಣ್ಣ ಮುಂದೆ ಬಂತು. ಕತ್ತರಿಯಕ್ಕ ಮೇಜಿನ ಮೇಲಿದ್ದುದನ್ನೆಲ್ಲ ತಾನೇ ಬಾಚಿ ಪಕ್ಕಕ್ಕಿಟ್ಟಳು.

"ತಪ್ಪಾಯ್ತು ಕಣೇ. ಇನ್ಮೇಲೆ ನೀನು ಕೇಳಿದ ಹಾಗೆ ಆಗಿಂದಾಗ್ಗೇ ಕತ್ತರಿಸಿ ಕೊಡ್ತೀನಿ. ನನ್ನ ಕೈ ಓಟಕ್ಕೆ ನಿನ್ನ ಮಷೀನೇ ಸುಸ್ತಾಗ್ಬೇಕು, ನೋಡ್ತಿರು!"

ನುಡಿದ ಹಾಗೇ ನಡೆದಳು. ಒಂದೊಂದು ಹಾಳೆ ತೆಗೆದಾಗಲೂ ಸುರುಳಿ ಮತ್ತೆ ಕವರಿಗೆ, ಬಾಯಿಗೆ ಟೇಪು. ಒಂದು ಗುಳ್ಳೆಯೂ ಇಲ್ಲದ ಪ್ಯಾನೆಲ್‌ಗಳು ಆಸ್ಪತ್ರೆಯ ತಾರಸಿ ಏರಿದವು.

ಮಗಳಿಗೆ ನೋವು ಬಂದ ಸಂಜೆ ಬೀದಿಗೆ ಬೀದಿಯೇ ಕತ್ತಲಾಯಿತು. ಹೆರಿಗೆ ಕೋಣೆಯ ದೀಪ ಮಾತ್ರ ಕದಲಲಿಲ್ಲ. ಹಗಲೆಲ್ಲ ಪ್ಯಾನೆಲ್ ತುಂಬಿಸಿದ ಬ್ಯಾಟರಿಯಲ್ಲಿ ಕರೆಂಟು ಧಾರಾಳವಾಗಿತ್ತು. ಮಗು ಕಿಟಾರನೆ ಕಿರುಚಿತು.

"ಮೊಮ್ಮಗಳು ಬಂದ್ಳು, ಅಜ್ಜಿ!" ಎಂದಳು ನರ್ಸಮ್ಮ. ಟಾರ್ಚು ಎಲ್ಲಿದೆಯೋ, ಅವಳಿಗೆ ನೆನಪೇ ಇರಲಿಲ್ಲ.

ಕತ್ತರಿಯಕ್ಕ ಅಳುತ್ತಲೇ ನಕ್ಕಳು. ಹಾದುಹೋದವರನ್ನೆಲ್ಲ ತಡೆದು ತಾರಸಿ ತೋರಿಸಿದಳು: "ಆ ಪ್ಯಾನೆಲ್ಲಿನ ಫಿಲ್ಮು ಕತ್ತರಿಸಿದ್ದು ನಾನೇ ಕಣ್ರೀ!"

ಪ್ಯಾನೆಲ್ ಮಾಡುವ ಅಕ್ಕತಂಗಿಯರೇ, ಫಿಲ್ಮನ್ನು ಬೇಕಾದಾಗ ಬೇಕಾದಷ್ಟೇ ತೆಗೆಯಿರಿ. ಉಳಿದದ್ದರ ಬಾಯಿ ಬಿಗಿದು ಒಣಜಾಗದಲ್ಲಿಡಿ. ಒದ್ದೆ ಕೈ ಬೇಡವೇ ಬೇಡ. ಕೊಳ್ಳುವ ಅಣ್ಣಂದಿರೇ, ಪ್ಯಾನೆಲ್ಲನ್ನು ಬೆಳಕಿಗೆ ಓರೆ ಹಿಡಿದು ನೋಡಿ, ಗುಳ್ಳೆ ಕಂಡರೆ ವಾಪಸ್ಸು ಕೊಡಿ. ಆ ದೀಪದ ಕೆಳಗೆ ಮಲಗುವವಳು ನಿಮ್ಮ ಮಗಳೇ ಆಗಿರಬಹುದು.